ಐನ್‌ಮನೆ ದುರಸ್ತಿ ಮತ್ತು ವಿಸ್ತರಣೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಕೊಡಗಿನಲ್ಲಿ ಹಳೆ ಮನೆಗಳ ದುರಸ್ತಿಗೆ ಲಕ್ಷಗಟ್ಟಲೆ ಸುರಿದವರು ಎರಡನೇ ಮಳೆಗಾಲಕ್ಕೆ ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಗೋಡೆಯ ಬುಡದಲ್ಲಿ ಪ್ಲಾಸ್ಟರ್ ಉಬ್ಬಿದೆ, ಹೊಸ ಪೇಂಟಿನ ಮೇಲೆ ಬಿಳಿ ಉಪ್ಪು ಎದ್ದಿದೆ, ಅಟ್ಟದಿಂದ ಮರದ ಪುಡಿ ಉದುರುತ್ತಿದೆ, ಹೊಸ ಬಾತ್‌ರೂಮಿನ ಪಕ್ಕದ ಕೋಣೆ ಮುಗ್ಗಲು ವಾಸನೆ ಹೊಡೆಯುತ್ತಿದೆ. ಸಾಮಾನು ಕಳಪೆ ಎಂದು ಬೈಯುವುದುಂಟು. ಹೆಚ್ಚಿನ ಕಡೆ ತಪ್ಪಿರುವುದು ಕೆಲಸದ ಕ್ರಮ. ಬಾತ್‌ರೂಮ್ ಟೈಲ್ಸ್‌ನಿಂದ ಶುರುಮಾಡಿ ಚರಂಡಿಯನ್ನು ಕೊನೆಗೆ ನೆನಪಿಸಿಕೊಂಡರೆ ಹೀಗೇ ಆಗುವುದು.

ಮಣ್ಣಿನ ಗೋಡೆ, ಮರದ ಅಟ್ಟ, ಮಂಗಳೂರು ಹಂಚಿನ ಚಾವಣಿ ಇರುವ ಐನ್‌ಮನೆಗಳನ್ನು, ಅಂದರೆ ಕೊಡವ ಒಕ್ಕಗಳ (ಕುಲಗಳ) ಪೂರ್ವಜರ ಮನೆಗಳನ್ನು, ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಹಳೆ ತೋಟದ ಬಂಗಲೆಗಳಿಗೂ ಬಹುಪಾಲು ಹೊಂದುತ್ತದೆ. ಆರ್‌ಸಿಸಿ ಮನೆಗಳಿಗೆ ಅಲ್ಲ.

ಹಂತ 1: ಒಕ್ಕದ ಒಪ್ಪಿಗೆ, ಕಾಗದಪತ್ರ, ಕ್ಯಾಲೆಂಡರ್

ಐನ್‌ಮನೆ ಇಡೀ ಒಕ್ಕದ್ದು. ಪಟ್ಟೆದಾರರು (ಒಕ್ಕದ ಹಿರಿಯರು) ತಲೆಯಾಡಿಸಿದರು ಎಂದು ಕೆಲಸ ಶುರುಮಾಡಬೇಡಿ. ಯಾವ ಕೋಣೆ ಯಾವುದಕ್ಕೆ ಬಳಕೆಯಾಗುತ್ತದೆ, ಖರ್ಚು ಯಾರದ್ದು, ಹೋಂಸ್ಟೇ ಮಾಡಿದರೆ ಬರುವ ಹಣ ಯಾರಿಗೆ ಎಂಬುದನ್ನು ಬರೆದು ಎಲ್ಲರ ಸಹಿ ಹಾಕಿಸಿ. ಕನ್ನಿ ಕೊಂಬರೆ (ಪೂರ್ವಜರನ್ನು ಪೂಜಿಸುವ ಕೋಣೆ), ತೂಗುದೀಪವಿರುವ ನೆಲ್ಲಕ್ಕಿ ನಡುಬಾಡೆ (ನಡುಮನೆ), ಅಂಗಳದ ಕೈಮಡ (ಪೂರ್ವಜರ ಗುಡಿ) ಇವು ಮೂರನ್ನು ನಕ್ಷೆಯಲ್ಲಿ ಮೊದಲೇ ಕೆಂಪು ಗೆರೆ ಹಾಕಿ ಬೇರ್ಪಡಿಸಿ. ಅಲ್ಲಿ ದುರಸ್ತಿ ಮಾತ್ರ, ಬದಲಾವಣೆ ಇಲ್ಲ. ಇದನ್ನು ಆಮೇಲೆ ಮಾತಾಡೋಣ ಎಂದು ಬಿಟ್ಟ ಕಡೆ ಅರ್ಧ ಕೆಲಸದಲ್ಲಿ ಜಗಳವಾಗಿ, ಹಂಚು ಇಳಿಸಿದ ಮನೆ ಮಳೆಗೆ ಸಿಕ್ಕುತ್ತದೆ.

ವಿಸ್ತರಣೆಗೆ ಪಂಚಾಯಿತಿ ಅಥವಾ ನಗರಸಭೆಯ ಪರವಾನಗಿ ಬೇಕು. ಹೊಸ ಭಾಗ ತೋಟದ ಅಥವಾ ಗದ್ದೆಯ ಜಾಗಕ್ಕೆ ಹೋದರೆ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಮರ ನಿಮ್ಮದೇ ತೋಟದ್ದಾದರೂ ಕಡಿಯುವ ಮೊದಲು, ನಾಟಾ ಸಾಗಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬೀಟೆ, ತೇಗ, ಹೊನ್ನೆ ವಿಷಯದಲ್ಲಂತೂ ಬಾಯಿಮಾತಿನ ಅನುಮತಿ ನಂಬಬೇಡಿ.

ಇನ್ನು ಕ್ಯಾಲೆಂಡರ್. ಜೂನ್‌ನಿಂದ ಸೆಪ್ಟೆಂಬರ್ ಮನೆಯನ್ನು ಪರೀಕ್ಷಿಸುವ ಕಾಲ. ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ಚರಂಡಿ, ನವೆಂಬರ್–ಡಿಸೆಂಬರ್‌ನಲ್ಲಿ ಹೊಸ ಭಾಗದ ಅಡಿಪಾಯ. ಸುಗ್ಗಿಯ ಹಬ್ಬ ಪುತ್ತರಿಗೆ ಇಡೀ ಒಕ್ಕ ಸೇರುವುದರಿಂದ ಅದು ಮುಗಿಯುವವರೆಗೆ ನಡುಬಾಡೆಯ ಮೇಲಿನ ಚಾವಣಿ ಮುಟ್ಟಬೇಡಿ. ಹಂಚು ಇಳಿಸಲು ಜನವರಿ–ಫೆಬ್ರವರಿ ಒಳ್ಳೆಯದು. ಮಾರ್ಚ್ ನಡುವಿನಿಂದ ಕಾಫಿಗೆ ಬೇಕಾದ ಹೂಮಳೆ ಯಾವಾಗ ಬೇಕಾದರೂ ಬರಬಹುದು, ಅದು ತೋಟಕ್ಕೆ ವರ, ತೆರೆದ ಅಟ್ಟಕ್ಕೆ ಶಾಪ. ಆದರೆ ಕಾಫಿ ಕೊಯ್ಲೂ ಜನವರಿ–ಫೆಬ್ರವರಿಯಲ್ಲೇ, ಕೂಲಿಗೆ ಜನ ಸಿಗುವುದಿಲ್ಲ. ಬಡಗಿ, ಹಂಚಿನ ಕೆಲಸದವರನ್ನು ಸೆಪ್ಟೆಂಬರ್‌ನಲ್ಲೇ ಮುಂಗಡ ಕೊಟ್ಟು ಗೊತ್ತುಮಾಡಿ. ಹೊರಗೋಡೆಯ ಸುಣ್ಣದ ಗಾರೆ ಏಪ್ರಿಲ್ ನಡುವಿಗೆ ಮುಗಿದಿರಬೇಕು, ಮಳೆ ಹಿಡಿಯುವ ಮೊದಲು ಅದು ಗಟ್ಟಿಯಾಗಲು ಐದಾರು ವಾರ ಬೇಕು.

ಹಂತ 2: ಮಳೆಯಲ್ಲೇ ಪರೀಕ್ಷೆ

ಬೇಸಿಗೆಯಲ್ಲಿ ಮನೆ ನೋಡಿ ಎಸ್ಟಿಮೇಟ್ ಬರೆಯುವ ಕಂಟ್ರಾಕ್ಟರನ್ನು ನಂಬಲಾಗದು. ಜುಲೈ ತಿಂಗಳ ಜಡಿಮಳೆಯಲ್ಲಿ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ, ಆಮೇಲೆ ಟಾರ್ಚ್ ಹಿಡಿದು ಅಟ್ಟ ಹತ್ತಿ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಒಳಗೆ ಬರುತ್ತದೆ ಎಂಬುದೆಲ್ಲ ಆಗ ಕಣ್ಣಿಗೇ ಕಾಣುತ್ತದೆ.

ಬೇಕಾದ ಉಪಕರಣ ಹೆಚ್ಚಿಲ್ಲ: ಟಾರ್ಚ್, ಟೇಪು, ತೂಕಗುಂಡು, ಮಟ್ಟದ ಪೈಪು, ಚೂಪಾದ ಸ್ಕ್ರೂಡ್ರೈವರ್, ಸಣ್ಣ ಮರದ ಸುತ್ತಿಗೆ, ಸೀಸದ ಕಡ್ಡಿ, ಮೊಬೈಲ್ ಕ್ಯಾಮೆರಾ. ಪ್ರತಿ ಕೋಣೆಯ ನಾಲ್ಕೂ ಗೋಡೆಯ ಫೋಟೋ ತೆಗೆದು, ನಕ್ಷೆಯಲ್ಲಿ ಸಂಖ್ಯೆ ಹಾಕಿ.

ಬಿರುಕುಗಳಿಗೆ ಗಮನ ಕೊಡಿ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಬಿರುಕು ಬಹುಮಟ್ಟಿಗೆ ಚಾವಣಿ ಗೋಡೆಯನ್ನು ಹೊರಕ್ಕೆ ತಳ್ಳುತ್ತಿರುವ ಲಕ್ಷಣ. ಕೆಳಗೆ ಅಗಲವಿದ್ದರೆ, ಅಥವಾ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟಿದ್ದರೆ ಅಡಿಪಾಯ ಕುಸಿಯುತ್ತಿದೆಯೇ ನೋಡಬೇಕು. ಬಿರುಕಿನ ಎರಡೂ ಬದಿ ಮೊಳೆಯಷ್ಟು ಸಣ್ಣ ಗುರುತು ಮಾಡಿ, ನಡುವಿನ ಅಂತರ ಅಳೆದು ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಅಂತರ ಬದಲಾಗದಿದ್ದರೆ ಅದು ಹಳೆ ಗಾಯ, ಮುಚ್ಚಿದರೆ ಸಾಕು. ಬೆಳೆಯುತ್ತಿದ್ದರೆ, ಅಥವಾ ತೂಕಗುಂಡಿನಿಂದ ಅಳೆದಾಗ ಗೋಡೆ ಅದರ ದಪ್ಪದ ಆರನೇ ಒಂದು ಭಾಗಕ್ಕಿಂತ ಹೆಚ್ಚು ವಾಲಿದ್ದರೆ, ಮಣ್ಣಿನ ಕಟ್ಟಡ ಗೊತ್ತಿರುವ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಕಾಂಕ್ರೀಟು ಮಾತ್ರ ಗೊತ್ತಿರುವವರು ಕೆಡವಿ ಕಟ್ಟಿ ಎಂದೇ ಹೇಳುತ್ತಾರೆ.

ಪ್ಲಾಸ್ಟರನ್ನು ಬೆರಳಿನ ಗೆಣ್ಣಿನಿಂದ ಬಡಿಯಿರಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ತೊಲೆ ಗೋಡೆಯೊಳಗೆ ಹೊಕ್ಕುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಕೈಬಲಕ್ಕೇ ಐದಾರು ಮಿಲಿಮೀಟರ್ ಇಳಿದರೆ ಆ ತುದಿ ಕೊಳೆತಿದೆ.

ಹಂತ 3: ನೀರನ್ನು ಗೋಡೆಯಿಂದ ದೂರ ಓಡಿಸಿ

ಮೊದಲ ರೂಪಾಯಿ ಇಲ್ಲಿಗೆ. ಹೊರಗಿನ ನೆಲದ ಮಟ್ಟ ಒಳಗಿನ ನೆಲಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಕೆಳಗಿರಬೇಕು. ವರ್ಷಾನುಗಟ್ಟಲೆ ಹಿಂಬದಿ ದಿಣ್ಣೆಯಿಂದ ಇಳಿದ ಮಣ್ಣು, ಕಾಫಿ ಸಿಪ್ಪೆ, ಗೊಬ್ಬರ ಸೇರಿ ಎಷ್ಟೋ ಮನೆಗಳ ಹಿಂಭಾಗದಲ್ಲಿ ಹೊರನೆಲವೇ ಎತ್ತರವಾಗಿರುತ್ತದೆ. ಅದನ್ನು ತೆಗೆಯುವುದೇ ಅರ್ಧ ಚಿಕಿತ್ಸೆ.

ಸೂರಿನ ನೀರು ಬೀಳುವ ಗೆರೆಯಲ್ಲಿ ಚರಂಡಿ ತೆಗೆದು, ಗೋಡೆಯಿಂದ ಅಲ್ಲಿಯವರೆಗೆ 1:40 ಇಳಿಜಾರು ಕೊಡಿ. ಹಿಂದಿನಿಂದ ಒರತೆ ಬರುತ್ತಿದ್ದರೆ ದಿಣ್ಣೆಯ ಕಡೆ 30 ಸೆಂಟಿಮೀಟರ್ ಅಗಲದ ಕಾಲುವೆ ತೋಡಿ, ರಂಧ್ರವಿರುವ ಪೈಪ್ ಹಾಕಿ, ಸುತ್ತ 20 ಎಂಎಂ ಜಲ್ಲಿ ತುಂಬಿ, ನೀರು ಹೋಗುವ ಆದರೆ ಮಣ್ಣು ತಡೆಯುವ ಬಟ್ಟೆ ಸುತ್ತಿ. ಕಾಲುವೆ ಗೋಡೆಯ ಅಡಿಪಾಯಕ್ಕಿಂತ ಆಳ ಹೋಗಬಾರದು.

ಸಾಮಾನ್ಯ ತಪ್ಪು: ಗೋಡೆಗೆ ಒತ್ತಿಕೊಂಡು ಮೂರಡಿ ಕಾಂಕ್ರೀಟ್ ಹಾಸುವುದು. ನೋಡಲು ಚೊಕ್ಕಟ, ಆದರೆ ಕೆಳಗಿನ ತೇವಕ್ಕೆ ಹೊರಹೋಗಲು ದಾರಿ ಮುಚ್ಚಿ ಅದು ಗೋಡೆಗೇ ಏರುತ್ತದೆ. ಈಗಾಗಲೇ ಹಾಸಿದ್ದರೆ ಗೋಡೆಯ ಪಕ್ಕದ ಒಂದಡಿ ಕತ್ತರಿಸಿ ತೆಗೆದು ಜಲ್ಲಿ ತುಂಬಿ.

ಹಂತ 4: ಚಾವಣಿ

ಹಂಚು ಇಳಿಸುವಾಗ ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ಹೋಗುವ ರೂಢಿಯಿದೆ. ಬೇಡ. ಭಾರ ಒಂದೇ ಕಡೆ ಉಳಿದು ಪಕ್ಕಾಸಿಗಳು (ಚಾವಣಿಯ ಇಳಿಜಾರು ಮರಗಳು) ವಾಲುತ್ತವೆ. ಎರಡೂ ಇಳಿಜಾರಿನಿಂದ ಸಮನಾಗಿ, ಮೇಲಿನಿಂದ ಕೆಳಕ್ಕೆ ತೆಗೆಯುತ್ತಾ ಬನ್ನಿ. ತೆಗೆದ ಹಂಚನ್ನು ಅಟ್ಟದ ಮೇಲೆ ಪೇರಿಸಬೇಡಿ, ಅಂಗಳದಲ್ಲಿ ನಿಲ್ಲಿಸಿ ಜೋಡಿಸಿ. ಪ್ರತಿಯೊಂದನ್ನೂ ಬಡಿದು ನೋಡಿ: ಗಣಗಣ ಸದ್ದು ಬಂದರೆ ಇನ್ನೂ ದಶಕಗಟ್ಟಲೆ ಬಾಳುತ್ತದೆ, ಡಬ್ ಎಂದರೆ ಬಿರುಕಿದೆ.

ಮಂಗಳೂರು ಹಂಚು ಚದರ ಮೀಟರಿಗೆ 15–16, ನೂರು ಚದರ ಅಡಿಗೆ ಸುಮಾರು 150 ಬೇಕು. ಹೊಸದು ಕೊಳ್ಳುವ ಮೊದಲು ಹಳೆಯದರ ಒಂದು ಮಾದರಿ ಜೊತೆಗೊಯ್ಯಿರಿ. ಅಳತೆ ಮತ್ತು ಕಚ್ಚಿಕೊಳ್ಳುವ ಅಂಚು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ, ಬೆರೆಸಿದರೆ ಸೋರುತ್ತದೆ. ಮನೆಯ ಮುಂಭಾಗಕ್ಕೆ ಹಳೆ ಹಂಚು, ಹೊಸದು ಹಿಂಬದಿಗೆ. ರೀಪರ್ (ಹಂಚು ಕೂರುವ ಅಡ್ಡಪಟ್ಟಿ) ಅಂತರ ಹಳೆ ಹಂಚು ಸಾಮಾನ್ಯ ಅಳತೆಯದ್ದಾದರೆ ಸುಮಾರು 32 ಸೆಂಟಿಮೀಟರ್, ಆದರೂ ನಿಮ್ಮ ಹಂಚನ್ನೇ ಇಟ್ಟು ಅಳೆದು ನಿರ್ಧರಿಸಿ.

ಸೋರುವುದು ಬಹುತೇಕ ಹಂಚಿನ ನಡುವೆ ಅಲ್ಲ, ಎರಡು ಇಳಿಜಾರು ಕೂಡುವ ಒಳಮೂಲೆಯಲ್ಲಿ. ನಡುವೆ ಅಂಗಳವಿರುವ ಮನೆಗಳಲ್ಲಿ ಇಂಥ ಮೂಲೆ ನಾಲ್ಕಿರುತ್ತವೆ. ಅಲ್ಲಿ ತುಕ್ಕು ಹಿಡಿದ ತಗಡು ತೆಗೆದು ಕನಿಷ್ಠ 45 ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಅಥವಾ ತಾಮ್ರದ ತಗಡು ಹಾಕಿಸಿ, ಎರಡೂ ಅಂಚನ್ನು ಮೇಲಕ್ಕೆ ಮಡಿಸಿ. ಸಿಮೆಂಟ್ ಮೆತ್ತಿದರೆ ಒಂದೇ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ.

ಹಂಚಿನ ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸುವ ಸಲಹೆ ಬಂದೇ ಬರುತ್ತದೆ. ಒಳಗಿನ ಆವಿ ಅದರ ಅಡಿಯಲ್ಲಿ ಹನಿಗಟ್ಟಿ ಪಕ್ಕಾಸಿ ಕೊಳೆಯುತ್ತದೆ. ಹಾಕಲೇಬೇಕೆಂದರೆ ಆವಿ ಬಿಡುವ ಬಗೆಯ ಹಾಳೆ ತನ್ನಿ, ಅದರ ಮೇಲೆ ಪಕ್ಕಾಸಿಯುದ್ದಕ್ಕೆ ಒಂದು ಪಟ್ಟಿ, ಅದರ ಮೇಲೆ ಅಡ್ಡಲಾಗಿ ರೀಪರ್. ನುಗ್ಗಿದ ನೀರು ಹಾಳೆಯ ಮೇಲೆ ಜಾರಿ ಸೂರಿನಿಂದಾಚೆ ಬೀಳಬೇಕು.

ಹಂತ 5: ಮರ

ಕೊಳೆತದ್ದು ಸಾಮಾನ್ಯವಾಗಿ ತುದಿ ಮಾತ್ರ. ಹತ್ತಡಿ ಹಲಸಿನ ತೊಲೆಯ ಒಂದಡಿ ಕೆಟ್ಟಿತೆಂದು ಇಡೀ ತೊಲೆ ಬಿಸಾಡಬೇಡಿ, ಅಷ್ಟು ಹಣ್ಣಾದ ಮರ ಈಗ ಮಾರುಕಟ್ಟೆಯಲ್ಲಿ ಸಿಗುವುದೂ ಕಷ್ಟ. ತೊಲೆಗೆ ನೆಲದಿಂದಲೇ ಆಧಾರ ಕೊಡಿ. ಅಟ್ಟದ ಹಲಗೆಯ ಮೇಲೆ ಜಾಕ್ ಇಟ್ಟರೆ ಹಲಗೆಯೇ ಮುರಿಯುತ್ತದೆ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣಗಿದ ಮರದ ತುಂಡನ್ನು ಓರೆಗೆ ಓರೆ ಕೂಡಿಸಿ. ಜೋಡಣೆಯ ಉದ್ದ ತೊಲೆಯ ಎತ್ತರದ ಮೂರರಿಂದ ನಾಲ್ಕು ಪಟ್ಟು ಇರಲಿ, 12 ಎಂಎಂ ಸ್ಟೇನ್‌ಲೆಸ್ ಬೋಲ್ಟ್ ಹಾಕಿ. ತುದಿ ಗೋಡೆಯೊಳಗೆ ಹೋಗುವ ಕಡೆ ಸುತ್ತ ಒಂದು ಬೆರಳು ಜಾಗ ಬಿಟ್ಟು ಗಾಳಿಯಾಡಿಸಿ. ಸಿಮೆಂಟಿನಲ್ಲಿ ಹುದುಗಿಸಿದರೆ ಐದಾರು ವರ್ಷಕ್ಕೆ ಮತ್ತದೇ ಕಥೆ.

ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಸಂಗತಿಯಿದೆ. ಹಳೆ ಅಡುಗೆಮನೆಯ ಮೇಲಿನ ಅಟ್ಟವನ್ನು ಇಷ್ಟು ಕಾಲ ಕಾಪಾಡಿದ್ದು ಒಲೆಯ ಹೊಗೆ. ಅದು ಮರವನ್ನು ಒಣಗಿಸಿ, ಹುಳ ಬರದಂತೆ ತಡೆಯುತ್ತಿತ್ತು. ಗ್ಯಾಸ್ ಬಂದು ಒಲೆ ಆರಿದ ಮೇಲೆ ಅದೇ ಪಕ್ಕಾಸಿಗಳಿಗೆ ಕುಟ್ಟೆ ಹಿಡಿಯುತ್ತದೆ. ಆದ್ದರಿಂದ ಒಲೆ ತೆಗೆಯುವ ಕಡೆ ಮರಕ್ಕೆ ಔಷಧಿ ಕಡ್ಡಾಯ: ಬೋರಾಕ್ಸ್ ಮೂರು ಪಾಲು, ಬೋರಿಕ್ ಆಸಿಡ್ ಎರಡು ಪಾಲು, ಒಟ್ಟು ಒಂದು ಕೆಜಿಯನ್ನು ಹತ್ತು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಮಸಿ ಉಜ್ಜಿ ತೆಗೆದ ಮರಕ್ಕೆ ಎರಡು–ಮೂರು ಸಲ ಬ್ರಶ್ ಮಾಡಿ. ಇದು ನೀರಿಗೆ ಕರಗುವುದರಿಂದ ಒಳಗಿನ ಮರಕ್ಕೆ ಮಾತ್ರ. ಮಳೆ ತಾಗುವ ಪಕ್ಕಾಸಿ ತುದಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಹಳೆ ಪದ್ಧತಿಯೇ ಚೆನ್ನ. ಅದು ಕೈ ಸುಡುತ್ತದೆ, ರಬ್ಬರ್ ಗ್ಲೌಸ್ ಬಿಡಬೇಡಿ.

ಕಂಬ, ಐಮರ (ಜಗಲಿಯ ಕಂಬಗಳ ನಡುವಿನ ಕೂರುವ ಹಲಗೆ), ಬಾಗಿಲ ಚೌಕಟ್ಟಿನ ಕೆತ್ತನೆಗೆ ಮರಳು ಕಾಗದದ ಮಷಿನ್ ತಾಗಿಸಬೇಡಿ. ಹಳೆ ಬಣ್ಣ ತೆಗೆಯಲು ಪೇಂಟ್ ರಿಮೂವರ್ ಮತ್ತು ಮೆದು ಬ್ರಶ್ ಸಾಕು. ವಾರ್ನಿಷ್ ಬದಲು ಅಗಸೆ ಎಣ್ಣೆ.

ಹಂತ 6: ಗೋಡೆ

ಹಣ ಹೆಚ್ಚು ಪೋಲಾಗುವುದು ಇಲ್ಲೇ. ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಹೀರಿದ್ದು ಒಳಗೇ ಉಳಿದು, ಮಣ್ಣು ಮೆತ್ತಗಾಗಿ, ಹೊರಗೆ ಗಟ್ಟಿ ಕಾಣುವ ಗೋಡೆ ಒಳಗೆ ಕೆಸರಾಗುತ್ತದೆ. ಎಕ್ಸ್‌ಟೀರಿಯರ್ ಎಮಲ್ಶನ್, ವಾಟರ್‌ಪ್ರೂಫ್ ಕೋಟಿಂಗ್, ಗೋಡೆಗೆ ಅಂಟಿಸುವ ಟೈಲ್ಸ್ ಎಲ್ಲವೂ ಅದೇ ಜಾತಿ.

ಹಳೆ ಸಿಮೆಂಟ್ ತೆಗೆಯುವಾಗ ಬ್ರೇಕರ್ ಮಷಿನ್ ಬೇಡ, ಅದುರಿಕೆಗೆ ಗೋಡೆ ಬಿರುಕು ಬಿಡುತ್ತದೆ. ಪ್ಲಾಸ್ಟರಿನ ದಪ್ಪಕ್ಕಷ್ಟೇ ಗ್ರೈಂಡರಿನಿಂದ ಅಡಿಗೊಂದು ಗೆರೆ ಕೊಯ್ದು, ಉಳಿಯನ್ನು ಮಲಗಿಸಿ ಹಿಡಿದು ಚೌಕ ಚೌಕವಾಗಿ ಎಬ್ಬಿಸಿ. ಎಲ್ಲೋ ಒಣಗಿದ ಒಳಗೋಡೆಯಲ್ಲಿ ಸಿಮೆಂಟ್ ಗಟ್ಟಿಯಾಗಿ ಕೂತಿದ್ದರೆ, ತೆಗೆದರೆ ಮಣ್ಣೂ ಜೊತೆಗೇ ಬರುವುದಾದರೆ, ಬಿಟ್ಟುಬಿಡಿ. ಶಾಸ್ತ್ರ ಪಾಲಿಸಲು ಗೋಡೆ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಬುಡ ಕರಗಿದ್ದರೆ ಒಂದೇ ಸಲ ಪೂರ್ತಿ ಬಿಡಿಸಬೇಡಿ. ಎರಡರಿಂದ ಮೂರಡಿ ಉದ್ದದ ಭಾಗಗಳಾಗಿ ಗುರುತಿಸಿ, ಒಂದು ಬಿಟ್ಟು ಒಂದರಂತೆ ತೆಗೆದು, ಮಣ್ಣಿನ ಇಟ್ಟಿಗೆಯನ್ನು ಮಣ್ಣಿನ ಗಾರೆಯಲ್ಲಿ ಬಿಗಿಯಾಗಿ ಕಟ್ಟಿ. ಅದು ವಾರವಾದರೂ ಒಣಗಿದ ಮೇಲೆ ನಡುವಿನ ಭಾಗಗಳಿಗೆ ಕೈ ಹಾಕಿ. ಬಿದ್ದ ಹಳೆ ಮಣ್ಣನ್ನೇ ಪುಡಿಮಾಡಿ, ನೆನೆಸಿ ಬಳಸಬಹುದು. ಉಪ್ಪು ಹಿಡಿದ ಕೆಳಗಿನ ಒಂದಡಿಯದ್ದು ಮಾತ್ರ ಬೇಡ. ಹೊಸ ಮಣ್ಣಾದರೆ ಗಾಜಿನ ಬಾಟಲಿಯಲ್ಲಿ ಅರ್ಧ ಮಣ್ಣು, ಉಳಿದಷ್ಟು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಇಡಿ. ಅಡಿಯಲ್ಲಿ ಮರಳು, ಮೇಲೆ ನಯಮಣ್ಣು, ತುದಿಗೆ ಜೇಡಿ ಪದರಗಳಾಗಿ ಕೂರುತ್ತದೆ. ಜೇಡಿ ಐದನೇ ಒಂದು ಭಾಗದ ಆಸುಪಾಸಿದ್ದರೆ ಸರಿ. ಹೆಚ್ಚಿದ್ದರೆ ಮರಳು ಸೇರಿಸಿ, ಇಲ್ಲವಾದರೆ ಒಣಗುವಾಗ ಸೀಳುತ್ತದೆ.

ಪ್ಲಾಸ್ಟರ್ ಯಾವಾಗಲೂ ಗೋಡೆಗಿಂತ ಮೆದುವಾಗಿರಬೇಕು. ಮೊದಲ ಪದರ ಮಣ್ಣು ಒಂದು ಪಾಲು, ಮರಳು ಎರಡು ಪಾಲು, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಎರಡು ಹಿಡಿ. ಎರಡು ಮೂರು ದಿನ ಕೊಳೆಸಿ 12–15 ಎಂಎಂ ದಪ್ಪ ಹಚ್ಚಿ, ಮೇಲ್ಮೈಯನ್ನು ಒರಟಾಗಿ ಗೀರಿ. ಪೂರ್ತಿ ಒಣಗಿ ಬಿರುಕು ಬಿಟ್ಟ ಮೇಲೆ, ನೀರು ಚಿಮುಕಿಸಿ, ಸುಣ್ಣ ಒಂದು ಪಾಲು, ತೊಳೆದ ಮರಳು ಮೂರು ಪಾಲಿನ ಗಾರೆ 6–8 ಎಂಎಂ. ಕೊನೆಗೆ ನಯವಾದ ಮರಳಿನೊಂದಿಗೆ 3 ಎಂಎಂ. ಒದ್ದೆ ಗೋಣಿ ನೇತುಹಾಕಿ ವಾರಕ್ಕೂ ಮಿಕ್ಕಿ ತೇವ ಕಾಯಿರಿ. ಬಿಸಿಲಿಗೆ ಬೇಗ ಒಣಗಿದ ಸುಣ್ಣ ಪುಡಿಯಾಗಿ ಕೈಗೆ ಬರುತ್ತದೆ.

ಸುಣ್ಣವನ್ನು ಡ್ರಮ್ಮಿನಲ್ಲಿ ನೀರಿನಡಿ ಕನಿಷ್ಠ ಮೂರು ವಾರ ನೆನೆಸಿಡಬೇಕು. ಸುಟ್ಟ ಕಲ್ಲುಸುಣ್ಣ ತಂದರೆ ನೀರಿಗೆ ಸುಣ್ಣ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕನ್ನಡಕ ಇಲ್ಲದೆ ಯಾರೂ ಹತ್ತಿರ ಹೋಗಬಾರದು. ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ.

ಬಣ್ಣಕ್ಕೆ ಸುಣ್ಣವೇ. ಹಾಲಿನಷ್ಟು ತೆಳುವಾಗಿ ನಾಲ್ಕೈದು ಕೋಟ್. ದಪ್ಪ ಎರಡು ಕೋಟ್ ಹೊಡೆದರೆ ಚಕ್ಕೆ ಏಳುತ್ತದೆ.

ಹಂತ 7: ನೆಲ

ಚೆನ್ನಾಗಿರುವ ರೆಡ್ ಆಕ್ಸೈಡ್ ನೆಲವನ್ನು ಉಳಿಸಿಕೊಳ್ಳಿ. ಬದಲಿಸಲೇಬೇಕಾದರೆ ಜಲ್ಲಿ ಹಾಸು, ಸುಣ್ಣದ ಗಾರೆ, ಅದರ ಮೇಲೆ ಸುಟ್ಟ ಮಣ್ಣಿನ ಬಿಲ್ಲೆ. ವಿಟ್ರಿಫೈಡ್ ಟೈಲ್ಸ್ ಹಾಕಿದ ಕೋಣೆಯ ತೇವ ನೆಲದಲ್ಲಿ ದಾರಿ ಕಾಣದೆ ಗೋಡೆಗೆ ಏರುತ್ತದೆ. ಟೈಲ್ಸ್ ಹಾಕಿದ ಮೇಲೆ ಗೋಡೆ ಕೆಟ್ಟಿತು ಎನ್ನುವವರ ಮನೆಗಳಲ್ಲಿ ಆಗಿದ್ದು ಇದೇ.

ಹಂತ 8: ಹೊಸ ಭಾಗ

ನಿಯಮ ಒಂದೇ: ನೀರು ಬಳಕೆಯಾಗುವುದೆಲ್ಲ ಹೊಸ ಕಟ್ಟಡಕ್ಕೆ. ಬಾತ್‌ರೂಮ್, ಅಡುಗೆಮನೆ, ವಾಷಿಂಗ್ ಮಷಿನ್ ಮಣ್ಣಿನ ಗೋಡೆಯ ಕೋಣೆಯೊಳಗೆ ತುರುಕಬೇಡಿ. ಓಣಿ, ಅಂಗಳ, ಕಯ್ಯಾಲೆಯ (ಮುಂದಿನ ಜಗಲಿಯ) ಕಡೆಯಿಂದ ನೋಡಿದಾಗ ಹೊಸದು ಕಾಣದಂತೆ ಹಿಂದೆ ಅಥವಾ ಪಕ್ಕಕ್ಕೆ ಇರಲಿ. ಕನ್ನಿ ಕೊಂಬರೆಯ ಗೋಡೆಗೆ ಟಾಯ್ಲೆಟ್ ತಾಗದಿರಲಿ. ಇದನ್ನು ಹೊರಗಿನ ಆರ್ಕಿಟೆಕ್ಟ್‌ಗೆ ಬಾಯಿಬಿಟ್ಟು ಹೇಳಬೇಕು, ನಕ್ಷೆಯಲ್ಲಿ ಅವರಿಗೆ ಅದೂ ಒಂದು ಸ್ಟೋರ್‌ರೂಮಿನಂತೆ ಕಾಣುತ್ತದೆ.

ಹಿಂದಿನ ದಿಣ್ಣೆ ಕಡಿದು ಜಾಗ ಮಾಡುವುದು ಅತ್ಯಂತ ಅಪಾಯದ ಕೆಲಸ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಹೇಗೆ ಇಳಿದವೆಂದು ಮತ್ತೆ ಹೇಳಬೇಕಿಲ್ಲ. ಬೇರೆ ಜಾಗವಿಲ್ಲದಿದ್ದರೂ ಒಂದು ಮೀಟರಿಗಿಂತ ಎತ್ತರ ಕಡಿಯುವುದಾದರೆ ಎಂಜಿನಿಯರ್ ವಿನ್ಯಾಸ ಮಾಡಿದ ತಡೆಗೋಡೆ ಬೇಕು. ಗೋಡೆಯ ಹಿಂದೆ ಜಲ್ಲಿ ತುಂಬಿ, ಒಂದೂವರೆ ಮೀಟರಿಗೊಂದರಂತೆ 75 ಎಂಎಂ ಪೈಪಿನ ನೀರುಗಂಡಿ ಬಿಡಬೇಕು. ದಿಣ್ಣೆಯ ಮೇಲೆ ಮರಗಳು ಓರೆಯಾಗಿರುವುದು, ನೆಲದಲ್ಲಿ ಬಿಲ್ಲಿನಂಥ ಬಿರುಕು, ಹೊಸ ಒರತೆ, ಬಾವಿಯ ನೀರು ಇದ್ದಕ್ಕಿದ್ದಂತೆ ಕದಡುವುದು ಕಂಡರೆ ಆ ಜಾಗದ ಆಸೆ ಬಿಡಿ.

ಅಡಿಪಾಯ ಪೂರ್ತಿ ಬೇರೆಯದಾಗಿರಲಿ. ಹೊಸ ಗುಂಡಿ ಹಳೆಯದಕ್ಕಿಂತ ಎಷ್ಟು ಆಳವೋ, ಹಳೆ ಅಡಿಪಾಯದಿಂದ ಕನಿಷ್ಠ ಅಷ್ಟು ದೂರ ಇರಬೇಕು. ಅರ್ಧ ಮೀಟರ್ ಹೆಚ್ಚು ಆಳ ತೋಡಿದರೆ ಅರ್ಧ ಮೀಟರ್ ದೂರ. ಹೊಸ ಗೋಡೆಯನ್ನು ಹಳೆ ಗೋಡೆಗೆ ಕಂಬಿಯಿಂದ ಬೆಸೆಯಬೇಡಿ. ಹೊಸದು ಮೊದಲ ವರ್ಷಗಳಲ್ಲಿ ಸ್ವಲ್ಪ ಕೂರುತ್ತದೆ, ಬೆಸೆದಿದ್ದರೆ ಹಳೆಯದನ್ನೂ ಎಳೆಯುತ್ತದೆ. ನಡುವೆ 50 ಎಂಎಂ ಸಂದು ಬಿಟ್ಟು, ಮೇಲೆ ಒಂದು ಬದಿ ಮಾತ್ರ ಬಿಗಿದ ತಗಡಿನಿಂದ ಮುಚ್ಚಿ. ಎರಡರ ನಡುವೆ ನಾಲ್ಕಡಿ ಅಗಲದ ಹಗುರ ನಡೆಮಾಡು ಇಟ್ಟರೆ ಇನ್ನೂ ಒಳ್ಳೆಯದು.

ಸಂಪರ್ಕಕ್ಕೆ ಇರುವ ಬಾಗಿಲನ್ನೇ ಬಳಸಿ, ಇಲ್ಲವೇ ಕಿಟಕಿಯ ಕೆಳಭಾಗ ಕತ್ತರಿಸಿ ಬಾಗಿಲು ಮಾಡಿ. ಮೇಲಿನ ತೊಲೆ ಹೇಗೂ ಇದೆ. ಹೊಸದಾಗಿ ಗೋಡೆ ಒಡೆಯಲೇಬೇಕಾದರೆ ಮೂಲೆಯಿಂದ ಒಂದು ಮೀಟರ್ ದೂರವಿರಲಿ. ಮೇಲಿನ ಭಾರಕ್ಕೆ ಆಧಾರ ಕೊಟ್ಟು, ಗೋಡೆಯ ಅರ್ಧ ದಪ್ಪಕ್ಕೆ ಮೊದಲು ಲಿಂಟೆಲ್ (ಬಾಗಿಲ ಮೇಲಿನ ಅಡ್ಡತೊಲೆ) ಕೂರಿಸಿ, ಆಮೇಲೆ ಇನ್ನರ್ಧ. ಎರಡೂ ಬದಿ ಒಂದೊಂದಡಿ ಊರಿರಬೇಕು. ಅದಾದ ಮೇಲೆ ಕೆಳಗಿನದ್ದು ಒಡೆಯುವುದು.

ಹೊಸ ಚಾವಣಿ ಹಳೆ ಸೂರಿನ ಕೆಳಗೆ ನುಸುಳಬೇಕು, ಅದೇ ಇಳಿಜಾರು, ಎತ್ತರ ಕಡಿಮೆ. ಎರಡೂ ಕೂಡುವ ಕಡೆ ಬರುವ ನೀರಿನ ಲೆಕ್ಕ ಹಾಕಿ: 50 ಚದರ ಮೀಟರ್ ಚಾವಣಿಗೆ ಗಂಟೆಗೆ 100 ಎಂಎಂ ಮಳೆ ಸುರಿದರೆ ನಿಮಿಷಕ್ಕೆ 80 ಲೀಟರಿಗೂ ಹೆಚ್ಚು. ಆರಿಂಚಿನ ದೋಣಿ (ಸೂರಿನ ನೀರು ಹಿಡಿಯುವ ಕಾಲುವೆ), 110 ಎಂಎಂ ಪೈಪ್ ಎರಡು ಇರಲಿ. ಒಂದು ಪೈಪಿಗೆ ಎಲೆ ಕಟ್ಟಿಕೊಂಡರೂ ಇನ್ನೊಂದು ಓಡುತ್ತದೆ.

ಹೊಸ ಗೋಡೆಗೆ ಇಟ್ಟಿಗೆ, ಜಂಬಿಟ್ಟಿಗೆ, ಕಾಂಕ್ರೀಟ್ ಯಾವುದಾದರೂ ಸರಿ. ಆದರೆ ಹಳೆ ಕಂಬದ ಕೆತ್ತನೆಯನ್ನು ಸಿಮೆಂಟಿನಲ್ಲಿ ನಕಲು ಮಾಡಿಸಬೇಡಿ. ಸರಳವಾದ ಹೊಸದು ಹಳೆಯದರ ಪಕ್ಕ ಮರ್ಯಾದೆಯಿಂದ ನಿಲ್ಲುತ್ತದೆ, ನಕಲು ನಿಲ್ಲುವುದಿಲ್ಲ. ಬಾತ್‌ರೂಮ್ ನೆಲ ಹೊರಗಿಗಿಂತ ಒಂದಿಂಚು ತಗ್ಗಿರಲಿ, ವಾಟರ್‌ಪ್ರೂಫಿಂಗ್ ಗೋಡೆಗೆ ಒಂದಡಿ, ಶವರ್ ಕಡೆ ಆರಡಿ ಏರಲಿ. ಇಂಗುಗುಂಡಿ ಬಾವಿಯಿಂದ 15 ಮೀಟರಿಗಿಂತ ದೂರ, ಬಾವಿಗಿಂತ ಇಳಿಜಾರಿನ ಕೆಳಗೆ. ಕಡಿದಾದ ದಿಣ್ಣೆಯ ನೆತ್ತಿಯ ಮೇಲಂತೂ ಬೇಡವೇ ಬೇಡ.

ಹಂತ 9: ವಯರಿಂಗ್ ಮತ್ತು ನೀರಿನ ಭಾರ

ಮಣ್ಣಿನ ಗೋಡೆಯನ್ನು ಕೊರೆದು ಪೈಪ್ ಹೂಳಬೇಡಿ. ತೊಲೆಗಳ ಪಕ್ಕದಲ್ಲಿ, ಚೌಕಟ್ಟಿನ ಅಂಚಿನಲ್ಲಿ ಹೊರಗೇ ಓಡುವ ಕಂಡ್ಯುಟ್ (ತಂತಿಯ ಪೈಪ್) ಹಾಕಿಸಿ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಎಂಎಂ ತಂತಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್. ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಕೂಡ. ಬಟ್ಟೆ ಸುತ್ತಿದ ಹಳೆ ತಂತಿ ಒಂದು ಮೊಳವೂ ಉಳಿಯಬಾರದು.

ಸಾವಿರ ಲೀಟರಿನ ಟ್ಯಾಂಕ್ ಎಂದರೆ ಒಂದು ಟನ್. ಅಟ್ಟದ ಮೇಲೆ ಟ್ಯಾಂಕ್, ಹಂಚಿನ ಮೇಲೆ ಸೋಲಾರ್ ಗೀಸರ್ ಎರಡೂ ಬೇಡ. ಎರಡಕ್ಕೂ ಹೊಸ ಭಾಗದ ಮೇಲೆ ಅಥವಾ ಹಿಂದೆ ಬೇರೆ ಸ್ಟ್ಯಾಂಡ್ ಮಾಡಿ.

ಹಂತ 10: ಮೊದಲ ಮಳೆಗಾಲ

ಮೇ ಕೊನೆಗೆ ಒಳಮೂಲೆ, ದೋಣಿ, ಚರಂಡಿಯ ಎಲೆ ತೆಗೆಯಿರಿ. ಜೂನ್‌ನ ಮೊದಲ ಭಾರೀ ಮಳೆಗೆ ಮತ್ತೆ ಟಾರ್ಚ್ ಹಿಡಿದು ಅಟ್ಟ ಹತ್ತಿ. ಹಂತ 2ರಲ್ಲಿ ಗುರುತು ಹಾಕಿದ ಬಿರುಕುಗಳನ್ನು ತಿಂಗಳಿಗೊಮ್ಮೆ ಅಳೆಯಿರಿ. ಯಾರೂ ವಾಸವಿಲ್ಲದ ಕೋಣೆಗಳ ಕಿಟಕಿ ಹೊಳವಾದ ದಿನ ತೆರೆದಿಡಿ. ಅತಿಥಿಗಳು ಬಂದು ಹೋದ ಮೇಲೆ ಬಾತ್‌ರೂಮಿನ ಎಕ್ಸಾಸ್ಟ್ ಕಾಲು ಗಂಟೆ ಓಡಲಿ.

ಗೋಡೆಯ ಕೆಳಗಿನ ಒಂದೂವರೆ ಅಡಿ ಮೊದಲ ಒಂದೆರಡು ವರ್ಷ ಪುಡಿ ಉದುರಿಸಿದರೆ ಗಾಬರಿ ಬೇಡ. ಸಿಮೆಂಟಿನ ಹಿಂದೆ ಸಿಕ್ಕಿಬಿದ್ದಿದ್ದ ಉಪ್ಪು ಹೊರಬರುತ್ತಿದೆ ಅಷ್ಟೆ. ಒಣ ಬ್ರಶ್‌ನಿಂದ ಉಜ್ಜಿ, ಪುಡಿಯನ್ನು ಗುಡಿಸಿ ಹೊರಗೆ ಹಾಕಿ. ತೊಳೆದರೆ ಉಪ್ಪು ಮತ್ತೆ ಗೋಡೆಯೊಳಗೇ ಹೋಗುತ್ತದೆ. ಆ ಪಟ್ಟಿಯನ್ನಷ್ಟೇ ಬೇಸಿಗೆಯಲ್ಲಿ ಕೆರೆದು ಹೊಸ ಸುಣ್ಣದ ಗಾರೆ ಹಚ್ಚಿ. ಅದಕ್ಕೆಂದೇ ನೆನೆಸಿದ ಸುಣ್ಣ ಅರ್ಧ ಡ್ರಮ್, ಜೊತೆಗೆ ನೂರು ಹಳೆ ಹಂಚು ಹಿಂದಿನ ಕೊಟ್ಟಿಗೆಯಲ್ಲಿ ಉಳಿಸಿಕೊಂಡಿರಿ. ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಂತಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ.